ಗೂಟದ ಜಾಗದಲ್ಲಿ ನಿಂತಿದ್ದವರು

ಮೊನ್ನೆ ಸ್ವೀಡನ್ನಿನ ಗೋಥೆನ್‌ಬರ್ಗಿನ ದೋಣಿಕಟ್ಟೆಯ ಪಕ್ಕ ನಡೆದುಹೋಗುತ್ತಿದ್ದಾಗ ಯಾರೋ ತಮ್ಮ ದೋಣಿಯನ್ನು ಮಗುಚಿ ಹಾಕಿಕೊಂಡು ವಾರ್ನಿಷ್ ಬಳಿಯುತ್ತಿದ್ದರು. ಟರ್ಪಂಟೈನ್ ಮತ್ತು ರಾಳ ಬೆರೆತ ವಾಸನೆ ಗಾಳಿಯಲ್ಲಿ ಬಂತು. ನನ್ನ ಕಾಲು ತಾನಾಗಿ ನಿಂತಿತು. ಮಗಳು ವೀಣಾ ಹತ್ತು ಹೆಜ್ಜೆ ಮುಂದೆ ಹೋಗಿದ್ದವಳು ತಿರುಗಿ, "ಏನಪ್ಪಾ, ಸುಸ್ತಾಯ್ತಾ?" ಎಂದಳು. ಇಲ್ಲ ಎಂದೆ. ಇಪ್ಪತ್ತನೇ ವಯಸ್ಸಿನಲ್ಲಿ ಒಂದು ತಪ್ಪು ಮಾಡುವಾಗ ನನ್ನ ಬೆರಳಿಗೆ ಅಂಟಿಕೊಂಡಿದ್ದ ವಾಸನೆ ಅದು. ಎರಡು ವರ್ಷದ ಹಿಂದೆ, ಇದೇ ಊರಿನ ಪಕ್ಕದಲ್ಲಿ, ಆ ತಪ್ಪನ್ನು ಬಾಯಿಬಿಟ್ಟು ಹೇಳುವಾಗಲೂ ಅದೇ ವಾಸನೆ ಸುತ್ತ ಇತ್ತು. ಆ ಮೂರು ತಿಂಗಳ ವಿಷಯವನ್ನು ಬರೆದಿಡಬೇಕೆಂದು ಅಂದುಕೊಳ್ಳುತ್ತಲೇ ದಿನ ತಳ್ಳಿದ್ದೆ. ಇನ್ನು ತಳ್ಳುವುದಿಲ್ಲ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಹೆಸರು ಪುಟ್ಟಸ್ವಾಮಿ. ಮಾಗಡಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಓದನ್ನು ಅಲ್ಲಿಗೇ ಬಿಟ್ಟು, ಶೇಷಪ್ಪನವರ ಫೋಟೋ ಸ್ಟುಡಿಯೋ ಸೇರಿದೆ. ನನ್ನ ಕೆಲಸ ರಿಟಚಿಂಗ್. ಈಗ ಅದು ಮೊಬೈಲಿನ ಮೇಲೆ ಬೆರಳಾಡಿಸುವ ಆಟ. ಆಗ ಗಾಜಿನ ನೆಗೆಟಿವನ್ನು ಇಳಿಜಾರು ಮೇಜಿನ ಮೇಲಿಟ್ಟು, ಕೆಳಗೆ ಕನ್ನಡಿ ಹಿಡಿದು ಬೆಳಕು ಹಾಯಿಸಿ, ರಾಳವನ್ನು ಟರ್ಪಂಟೈನಿನಲ್ಲಿ ಕರಗಿಸಿದ ಮದ್ದನ್ನು ಬಟ್ಟೆಯಿಂದ ತೆಳ್ಳಗೆ ಉಜ್ಜಬೇಕಿತ್ತು. ಉಜ್ಜದಿದ್ದರೆ ಪೆನ್ಸಿಲ್ ಹಿಡಿಯುವುದಿಲ್ಲ. ಆಮೇಲೆ ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಮದುಮಗಳ ಮೊಡವೆ, ಮುದುಕರ ಸುಕ್ಕು ಮುಚ್ಚುತ್ತಾ ಕೂರಬೇಕು. ನೆಗೆಟಿವಿನಲ್ಲಿ ಎಲ್ಲವೂ ತಿರುಗುಮುರುಗು. ಸುಣ್ಣದ ಗೋಡೆ ಕಪ್ಪಗೆ, ಕಪ್ಪು ಮುಖ ಬೆಳ್ಳಗೆ. ಮಾಡಿ ಮಾಡಿ ನನಗೆ ನೆಗೆಟಿವ್ ನೋಡುವುದು ಪ್ರಿಂಟ್ ನೋಡಿದಷ್ಟೇ ಸಲೀಸಾಗಿತ್ತು.

ನನ್ನ ಹೆಂಡತಿ ತೀರಿಕೊಂಡ ವರ್ಷ ವೀಣಾ ನನ್ನನ್ನು ಮೊದಲ ಸಲ ಸ್ವೀಡನ್ನಿಗೆ ಕರೆಸಿಕೊಂಡಳು. ತೊಂಬತ್ತು ದಿನದ ವೀಸಾ. ಆಗಸ್ಟ್ ಕೊನೆಯಲ್ಲಿ ಬಂದಿಳಿದೆ. ಅವಳು ಮೋಲ್ನ್‌ಡಾಲಿನಲ್ಲಿ, ಈ ಊರಿನ ಪಕ್ಕದಲ್ಲೇ, ಔಷಧ ಸಂಶೋಧನೆಯ ಕೆಲಸದಲ್ಲಿದ್ದಾಳೆ. ಅಳಿಯ ಬೆಳಿಗ್ಗೆಯೇ ಬಸ್ಸು ಹತ್ತಿ ಲಿಂಡ್‌ಹೋಲ್ಮೆನ್ನಿನ ಆಫೀಸಿಗೆ ಹೋಗಿಬಿಡುತ್ತಿದ್ದ. ಹಗಲೆಲ್ಲ ಮನೆಯಲ್ಲಿ ನಾನೊಬ್ಬನೇ. ಟೀವಿಯ ಭಾಷೆ ತಿಳಿಯದು. ಹಾಗಾಗಿ ತಿಂಡಿ ತಿಂದು, ಅಳಿಯನ ಹಳೆಯ ಜಾಕೆಟ್ ಹಾಕಿಕೊಂಡು ನಡೆಯಲು ಹೊರಡುತ್ತಿದ್ದೆ. ಮನೆಯಿಂದ ಅರ್ಧ ಗಂಟೆ ನಡೆದರೆ ಹಳೆಯ ಗಿರಣಿಗಳ ಕೇರಿ. ಗುಡ್ಡದಿಂದ ಧುಮುಕುವ ಹೊಳೆ, ಎರಡೂ ದಡದಲ್ಲಿ ಇಟ್ಟಿಗೆ ಕಟ್ಟಡಗಳು. ಒಂದು ಕಾಲಕ್ಕೆ ಅಲ್ಲಿ ಕಾಗದ ಮಾಡುತ್ತಿದ್ದರಂತೆ. ಈಗ ಕಟ್ಟಡಗಳನ್ನು ಕೋಣೆ ಕೋಣೆಯಾಗಿ ಕಲಾವಿದರಿಗೆ ಬಾಡಿಗೆಗೆ ಕೊಟ್ಟಿದ್ದಾರೆ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಆ ಕೇರಿಯ ಒಂದು ತೆರೆದ ಬಾಗಿಲಿನಿಂದ ನನ್ನ ಮೇಜಿನ ವಾಸನೆ ಬಂತು. ಒಳಗೆ ಇಣುಕಿದೆ. ಐವತ್ತೈದರ ಆಸುಪಾಸಿನ ಹೆಂಗಸು, ದಪ್ಪ ಕನ್ನಡಕ, ಮುಂದೋಳಿನ ತನಕ ಬಣ್ಣ. ಕಿಟಕಿಗೆ ಒರಗಿಸಿದ ಗಾಜಿನ ಮೇಲೆ ಪೆನ್ಸಿಲಿನಿಂದ ಬರೆಯುತ್ತಿದ್ದಳು, ಪೆನ್ಸಿಲ್ ಜಾರುತ್ತಿತ್ತು. ರಾಳದ ಮದ್ದನ್ನು ಗೋಡೆಗೆ ಬಣ್ಣ ಹೊಡೆದ ಹಾಗೆ ಹೊಡೆದಿದ್ದಳು. ಆ ತಪ್ಪನ್ನು ನೋಡಿ ಸುಮ್ಮನಿರಲು ನನ್ನಿಂದ ಆಗಲಿಲ್ಲ. ನನ್ನ ಹೈಸ್ಕೂಲು ಇಂಗ್ಲಿಷಿನಲ್ಲಿ, "ಮೇಡಂ, ಟೂ ಮಚ್" ಎಂದೆ. ಆಕೆ ತಿರುಗಿ ನೋಡಿದಳು. ನಾನು ಒಳಗೆ ಹೋಗಿ, ಬಟ್ಟೆ ತೆಗೆದುಕೊಂಡು, ಇದ್ದ ಮದ್ದನ್ನೆಲ್ಲ ಒರೆಸಿ, ಒಂದೇ ಒಂದು ಹನಿ ಹಾಕಿ ಅಂಗೈಯಿಂದ ಸುತ್ತ ಸುತ್ತ ಉಜ್ಜಿದೆ. ಪೆನ್ಸಿಲ್ ಕೊಟ್ಟೆ. ಗೆರೆ ಹಿಡಿಯಿತು. ಆಕೆ ಗೆರೆಯನ್ನೂ ನೋಡಿದಳು, ನನ್ನನ್ನೂ ನೋಡಿದಳು, ಇನ್ನೊಂದು ಸ್ಟೂಲು ಎಳೆದು ಹಾಕಿದಳು.

ಆಕೆಯ ಹೆಸರು ಸೋಲಾಂಜ್. ಅಜ್ಜಿ ಕೆರಿಬಿಯನ್ ಸಮುದ್ರದ ಒಂದು ದ್ವೀಪದವಳು. ತಾಯಿ ನರ್ಸ್ ಕೆಲಸಕ್ಕೆಂದು ಸ್ವೀಡನ್ನಿಗೆ ಬಂದವಳು. ಆ ಕಡೆಯ ಇನ್ನೊಂದು ಪುಟ್ಟ ದ್ವೀಪವನ್ನು ಒಂದು ಕಾಲಕ್ಕೆ ಸ್ವೀಡನ್ನಿನ ರಾಜರೇ ಆಳಿದ್ದರು ಎಂದು ನನಗೆ ಹೇಳಿದವಳು ಅವಳು. ಸೇಂಟ್ ಬಾರ್ತೆಲೆಮಿ ಅಂತ. ಫ್ರಾನ್ಸಿನವರಿಗೆ ಗೋಥೆನ್‌ಬರ್ಗಿನ ಬಂದರಿನಲ್ಲಿ ವ್ಯಾಪಾರದ ಹಕ್ಕು ಕೊಟ್ಟು, ಬದಲಿಗೆ ಆ ದ್ವೀಪ ಪಡೆದರಂತೆ. ಜನರೂ ಸಮೇತ. ಆಫ್ರಿಕದಿಂದ ಹಿಡಿದು ತಂದವರನ್ನು ಅಲ್ಲಿನ ಬಂದರಿನಲ್ಲಿ ಕೊಂಡರು, ಮಾರಿದರು. ಈ ಕರಾವಳಿಯ ಉಪ್ಪು ಮೀನು ಆ ದ್ವೀಪಗಳ ಗುಲಾಮರ ಊಟಕ್ಕೆಂದು ಹಡಗಿನಲ್ಲಿ ಹೋಗುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ವೀಣಾಳಿಗೆ ಹೇಳಿದೆ. ಅವಳು ನಂಬಲಿಲ್ಲ. "ಅಪ್ಪ, ಹದಿನಾಲ್ಕು ವರ್ಷ ಆಯ್ತು ನಾನಿಲ್ಲಿಗೆ ಬಂದು. ಆಫೀಸಲ್ಲಿ ಇಷ್ಟೊಂದು ಸಲ ಫಿಕಾ ಅಂತ ಕಾಫಿಗೆ ಕೂತಿದೀವಿ, ಒಬ್ರೂ ಇದರ ಬಗ್ಗೆ ಮಾತಾಡಿಲ್ಲ" ಎಂದಳು. ಮರುದಿನ ಕೇಳಿಕೊಂಡು ಬಂದು, ಇಬ್ಬರಿಗೆ ಗೊತ್ತಿಲ್ಲ, ಒಬ್ಬರು ಅದು ಬಹಳ ಚಿಕ್ಕ ದ್ವೀಪ ಅಂದರು ಎಂದು ಹೇಳಿದಳು.

ಸೋಲಾಂಜಳ ಕೆಲಸದ ಮೂಲ ಅಲ್ಲಿತ್ತು. ಆ ಕಾಲದಲ್ಲಿ ಗುಲಾಮರು ಓಡಿಹೋದರೆ ಒಡೆಯರು ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಿದ್ದರು. ವಯಸ್ಸು ಇಷ್ಟು, ಎಡಗಾಲು ಎಳೆಯುತ್ತಾನೆ, ಮೂರು ಭಾಷೆ ಮಾತಾಡುತ್ತಾಳೆ, ಹುಬ್ಬಿನ ಮೇಲೆ ಗಾಯದ ಗುರುತು, ಬೇರೆ ಹೆಸರು ಹೇಳಿಕೊಳ್ಳಬಹುದು, ಹೀಗೆ. ಅವರ ಚಿತ್ರವನ್ನು ಯಾರೂ ಬರೆಯಲಿಲ್ಲ. ಹಿಡಿಯಬೇಕೆಂದು ಬರೆಸಿದ ಆ ನಾಲ್ಕು ಸಾಲೇ ಅವರ ಮುಖದ ಬಗ್ಗೆ ಉಳಿದಿರುವುದು. ಸೋಲಾಂಜ್ ಆ ಸಾಲುಗಳನ್ನು ಓದಿ, ಗಾಜಿನ ಮೇಲೆ ಅವರ ನೆಗೆಟಿವ್ ಬರೆಯುತ್ತಿದ್ದಳು. ಯಾರೂ ತೆಗೆಯದ ಫೋಟೋದ ನೆಗೆಟಿವ್. ಅದನ್ನು ಬಿಸಿಲಿಗೆ ಕಂದುವ ಮದ್ದು ಬಳಿದ ಕಾಗದದ ಮೇಲಿಟ್ಟು ಹೊರಗೆ ಇಟ್ಟರೆ ಕಾಗದದಲ್ಲಿ ಮುಖ ಮೂಡುತ್ತಿತ್ತು. ನೆಗೆಟಿವನ್ನು ಕೈಯಿಂದ ಬರೆಯುವುದು ಸುಲಭವಲ್ಲ. ಕಪ್ಪಾಗಬೇಕಾದ ಕಡೆ ಖಾಲಿ ಬಿಡಬೇಕು, ಬೆಳಕು ಬೀಳಬೇಕಾದ ಕಡೆ ತುಂಬಬೇಕು. ಅವಳು ಕಣ್ಣಿನ ಸುತ್ತ ಯಾವಾಗಲೂ ತಪ್ಪುತ್ತಿದ್ದಳು. ನಾನು ಪೆನ್ಸಿಲ್ ತಗೊಂಡು ತಿದ್ದುತ್ತಿದ್ದೆ.

ಹೀಗೆ ದಿನಾ ಹೋಗತೊಡಗಿದೆ. ಬೆಳಿಗ್ಗೆ ಕಿಟಕಿಯಿಂದ ಆಕಾಶ ನೋಡುವುದು ಚಟವಾಯಿತು. ಬಿಸಿಲು ಬಂದರೆ ಇಬ್ಬರೂ ಮಾತಿಲ್ಲದೆ ಕಾಗದ, ಗಾಜು, ಹಲಗೆ ಹೊತ್ತು ಅಂಗಳಕ್ಕೆ ಓಡುತ್ತಿದ್ದೆವು. ಸೆಪ್ಟೆಂಬರಿನಲ್ಲಿ ಇಪ್ಪತ್ತು ನಿಮಿಷಕ್ಕೆ ಮೂಡುತ್ತಿದ್ದ ಮುಖ ಅಕ್ಟೋಬರಿನಲ್ಲಿ ಒಂದೂವರೆ ಗಂಟೆ ತೆಗೆದುಕೊಳ್ಳುತ್ತಿತ್ತು. ಹಳದಿ ಎಲೆಗಳು ಬಂದು ಗಾಜಿನ ಮೇಲೆ ಕೂರುತ್ತಿದ್ದವು. ನಾನು ಪಕ್ಕದಲ್ಲಿ ನಿಂತು ಕೋಳಿ ಓಡಿಸಿದ ಹಾಗೆ ಅವನ್ನು ಓಡಿಸುತ್ತಿದ್ದೆ. ಅವಳು ನನ್ನನ್ನು ಮಿಸ್ಟರ್ ಸ್ವಾಮಿ ಎನ್ನುತ್ತಿದ್ದಳು. ನಾನು ಡಬ್ಬಿಯಲ್ಲಿ ತಂದ ಚಿತ್ರಾನ್ನ ಅವಳಿಗೆ, ಅವಳ ದಾಲ್ಚಿನ್ನಿ ಬನ್ನು ನನಗೆ. ಹೆಂಡತಿ ಹೋದ ಮೇಲೆ ನಾನು ಅಷ್ಟು ಹಗುರವಾಗಿ ದಿನ ಕಳೆದದ್ದು ಅದೇ ಮೊದಲು.

ನವೆಂಬರ್ ಮಧ್ಯದಲ್ಲಿ ಬಂದರಿನ ಹತ್ತಿರದ ಒಂದು ಹಾಲಿನಲ್ಲಿ ಅವಳ ಪ್ರದರ್ಶನ ನಿಗದಿಯಾಗಿತ್ತು. ಅಕ್ಟೋಬರ್ ಕೊನೆಯ ವಾರ ಅವಳಿಗೆ ಹೊಸ ಯೋಚನೆ ಬಂತು. ಒಬ್ಬ ವ್ಯಾಪಾರಿಯ ಕುಟುಂಬವನ್ನು ಬರೆದು, ಹಿಂದೆ ನಿಂತ ಆಳನ್ನು ಮಾತ್ರ ಅಳಿಸಬೇಕು, ಆದರೆ ಅಳಿಸಿದ್ದು ಗೊತ್ತಾಗುವ ಹಾಗೆ ಅಳಿಸಬೇಕು ಅಂತ. ನಿಮ್ಮ ಕಾಲದ ಸ್ಟುಡಿಯೋಗಳಲ್ಲಿ ನೆಗೆಟಿವಿನಿಂದ ಮನುಷ್ಯರನ್ನು ಹೇಗೆ ತೆಗೆಯುತ್ತಿದ್ದರು, ನೀವು ಮಾಡಿದ್ದೀರಾ, ತೋರಿಸಿ ಎಂದು ಕೇಳಿದಳು.

"ಇಲ್ಲ" ಎಂದೆ. "ನೆವರ್."

ಆ ಸುಳ್ಳು ಎಷ್ಟು ಬೇಗ ಬಂತೆಂದರೆ, ಹೇಳಿ ಮುಗಿದ ಮೇಲಷ್ಟೇ ನನಗೇ ಗೊತ್ತಾಯಿತು. ಕೈ ತೊಳೆದುಕೊಂಡು, ತಲೆನೋವು ಎಂದು ಹೇಳಿ ಮನೆಗೆ ಬಂದೆ. ಮರುದಿನ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಆ ವಾರ ಒಳ್ಳೆಯ ಬಿಸಿಲಿತ್ತು. ಅವಳೊಬ್ಬಳೇ ಹಲಗೆ ಹೊರುತ್ತಿರಬಹುದು ಅನ್ನಿಸುತ್ತಿತ್ತು. ಹೊರಡಲು ಮಾತ್ರ ಕಾಲು ಬರಲಿಲ್ಲ.

ವೀಣಾಳಿಗೆ ಅನುಮಾನ ಬಂತು. ಜ್ವರವಿಲ್ಲ, ಮಾತೂ ಇಲ್ಲ. ಶನಿವಾರ ಸೋಲಾಂಜಳೇ ಫೋನ್ ಮಾಡಿ ನಮ್ಮಿಬ್ಬರನ್ನೂ ಫಿಕಾಗೆ ಕರೆದಳು. "ಅಪ್ಪ, ಅವರು ಬನ್ನು ಬೇಯಿಸಿ ಕಾಯ್ತಿದಾರೆ. ಹೋಗ್ದಿದ್ರೆ ತಪ್ಪಾಗುತ್ತೆ, ಬಾ" ಎಂದು ವೀಣಾ ನನ್ನನ್ನು ಎಬ್ಬಿಸಿಕೊಂಡೇ ಹೋದಳು.

ಮೂವರೂ ಕಿಟಕಿಯ ಪಕ್ಕ ಕಾಫಿ ಕುಡಿಯುತ್ತಾ ಕೂತಿದ್ದೆವು. ಗೋಡೆಗೆ ಒರಗಿಸಿದ ಮುಖಗಳನ್ನು ವೀಣಾ ಮೊದಲ ಸಲ ನೋಡುತ್ತಿದ್ದಳು. ನಾನು ತಿದ್ದಿದ ಕಣ್ಣುಗಳನ್ನು ಸೋಲಾಂಜ್ ಒಂದೊಂದಾಗಿ ತೋರಿಸಿದಳು. ಮಗಳಿಗೆ ಹೆಮ್ಮೆ ಉಕ್ಕಿತು. ಅವಳು ಚಿಕ್ಕಂದಿನಿಂದ ನಮ್ಮ ಮನೆಯಲ್ಲಿ, ನೆಂಟರ ಮದುವೆಗಳಲ್ಲಿ ಕೇಳಿ ಬೆಳೆದ ಕತೆಯೊಂದಿತ್ತು. ಹೇಳುತ್ತಿದ್ದವನು ನಾನೇ. ಅದನ್ನು ಇಂಗ್ಲಿಷಿನಲ್ಲಿ ಹೇಳತೊಡಗಿದಳು. ನಮ್ಮಪ್ಪ ಒಂದು ಸಲ ಫೋಟೋದಿಂದ ಇಡೀ ಒಬ್ಬ ಮನುಷ್ಯನನ್ನೇ ತೆಗೆದುಬಿಟ್ಟಿದ್ದರು, ಸರ್ಕಾರಿ ಅಧಿಕಾರಿ ಭೂತಗನ್ನಡಿ ಹಿಡಿದು ನೋಡಿದರೂ ಗುರುತು ಸಿಗಲಿಲ್ಲ, ಇಡೀ ತಾಲ್ಲೂಕಿನಲ್ಲಿ ಅಂಥ ಕೈ ಇರಲಿಲ್ಲ ಅಂತ.

ಸೋಲಾಂಜ್ ಲೋಟ ಕೆಳಗಿಟ್ಟಳು. ನಾಲ್ಕು ದಿನದ ಹಿಂದೆ ನಾನು ಇಲ್ಲ ಎಂದದ್ದು ಅವಳಿಗೆ ನೆನಪಿತ್ತು. ಅದನ್ನು ಎತ್ತಲಿಲ್ಲ. ಒಂದೇ ಮಾತು ಕೇಳಿದಳು.

"ಯಾರು ಅವರು?"

ನಲವತ್ತೇಳು ವರ್ಷ ಆ ಕತೆ ಹೇಳಿದ್ದೇನೆ. ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಹೇಗೆ ಮಾಡಿದಿರಿ ಎಂದು ಎಲ್ಲರೂ ಕೇಳಿದ್ದರು. ಯಾರು ಅವರು ಎಂದು ಒಬ್ಬರೂ ಕೇಳಿರಲಿಲ್ಲ. ವೀಣಾ ನನ್ನ ಕಡೆ ತಿರುಗಿ, "ಹೌದಲ್ಲಪ್ಪಾ, ಯಾರವನು?" ಎಂದಳು.

ಆಗ ಹೇಳಿದೆ. ಅರ್ಧ ಇಂಗ್ಲಿಷಿನಲ್ಲಿ, ಮಿಕ್ಕಿದ್ದು ಕನ್ನಡದಲ್ಲಿ. ವೀಣಾ ಅದನ್ನು ಸೋಲಾಂಜಳಿಗೆ ತಿಳಿಸುತ್ತಾ ಹೋದಳು. ಬರಬರುತ್ತಾ ಅವಳ ದನಿ ಸಣ್ಣದಾಯಿತು.

ತುರ್ತು ಪರಿಸ್ಥಿತಿಯ ಕಾಲ. ಜೀತ ಇಟ್ಟುಕೊಳ್ಳುವುದು ಅಪರಾಧ ಎಂದು ಕಾನೂನು ಬಂದಿತ್ತು. ನಮ್ಮ ಕಡೆಯ ಒಂದು ಹಳ್ಳಿಯಲ್ಲಿ ದೊಡ್ಡ ಜಮೀನುದಾರರ ಮನೆಯಲ್ಲಿ ಹತ್ತನೇ ವಯಸ್ಸಿನಿಂದ ಜೀತಕ್ಕಿದ್ದ ಒಬ್ಬರು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟರು. ನನ್ನನ್ನು ಬಿಡಿಸಿ, ನಾನು ಜೀತದವನು ಅಂತ. ಜಮೀನುದಾರರು, ಈತ ಯಾರೋ ನಮಗೆ ಗೊತ್ತೇ ಇಲ್ಲ, ನಮ್ಮ ಮನೆಯಲ್ಲಿ ಕೆಲಸಕ್ಕೆ ಇದ್ದವನೇ ಅಲ್ಲ ಎಂದರು. ಸಾಕ್ಷಿ ಹೇಳಲು ಹಳ್ಳಿಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಆಗ ಅರ್ಜಿ ಕೊಟ್ಟವರು ಅಧಿಕಾರಿಗೆ ಒಂದು ಮಾತು ಹೇಳಿದರು: ಇವರ ನಡುಮನೆಯಲ್ಲಿ ಒಂದು ಫೋಟೋ ಇದೆ, ಬಹುಮಾನ ಬಂದ ಜೋಡಿ ಎತ್ತಿನ ಜೊತೆ ಯಜಮಾನರು ನಿಂತಿದ್ದಾರೆ, ಪಕ್ಕದಲ್ಲಿ ಹಗ್ಗ ಹಿಡಿದು ನಿಂತವನು ನಾನೇ, ತರಿಸಿ ನೋಡಿ. ಅಧಿಕಾರಿ ಫೋಟೋ ತರಲು ಹೇಳಿದರು. ಜಮೀನುದಾರರು ಮನೆಯಿಂದ ತರುವ ಬದಲು ನಮ್ಮ ಸ್ಟುಡಿಯೋಗೆ ಬಂದರು. ನೆಗೆಟಿವ್ ನಮ್ಮಲ್ಲಿತ್ತು.

ಶೇಷಪ್ಪನವರು ಆಗ ಹಾಸಿಗೆ ಹಿಡಿದಿದ್ದರು. ತೀರ್ಮಾನ ಮಾಡಬೇಕಾದವನು ನಾನು. ನನಗೆ ಇಪ್ಪತ್ತು ವರ್ಷ. ಯಾರೂ ನನ್ನನ್ನು ಹೆದರಿಸಲಿಲ್ಲ. ಜಮೀನುದಾರರು ಕುರ್ಚಿಯಲ್ಲಿ ಕೂತು, "ನಿನ್ನ ಕೈಲಿ ಆಗುತ್ತೇನಯ್ಯ? ಇಲ್ಲ ಅಂದ್ರೆ ಬೆಂಗಳೂರಿಗೆ ಕಳಿಸ್ತೀನಿ" ಎಂದರು. ಅಷ್ಟೇ ಸಾಕಾಯಿತು. ನನ್ನ ಕೈಲಿ ಆಗುವುದಿಲ್ಲ ಅಂತ ಬೆಂಗಳೂರಿಗೆ ಕಳಿಸುವುದೇ?

ಮೂರು ದಿನ ಕೂತೆ. ಸುಣ್ಣ ಬಳಿದ ಗೋಡೆಯ ಮುಂದೆ ಕಪ್ಪು ಮನುಷ್ಯ. ನೆಗೆಟಿವಿನಲ್ಲಿ ಗೋಡೆ ಗಾಢ ಕಪ್ಪು, ಜಮೀನುದಾರರ ಬಿಳಿ ಪಂಚೆ ಶಲ್ಯವೆಲ್ಲ ಕಪ್ಪು. ಆ ಕಪ್ಪಿನ ನಡುವೆ ಹಗ್ಗ ಹಿಡಿದವರೊಬ್ಬರೇ ಬೆಳ್ಳಗೆ ಹೊಳೆಯುತ್ತಿದ್ದರು. ಬೆಳಕು ಹಾಯಗೊಡದ ಕೆಂಪು ಬಣ್ಣವನ್ನು ನೀರಿನಲ್ಲಿ ತೆಳ್ಳಗೆ ಕಲಸಿ ಪದರದ ಮೇಲೆ ಪದರ ಹಾಕಿ ಆ ಹೊಳಪನ್ನು ಮುಚ್ಚುತ್ತಾ ಬಂದೆ. ತಲೆ, ಭುಜ, ಎದೆ, ಒಂದು ಕಾಲು. ಅಲ್ಲಿ ತೊಡಕು ಬಂತು. ಎತ್ತಿನ ಹಗ್ಗ ಅವರ ಕೈಗೆ ಬರುತ್ತಿತ್ತು. ಅವರನ್ನು ತೆಗೆದರೆ ಹಗ್ಗ ಗಾಳಿಯಲ್ಲಿ ನಿಲ್ಲುತ್ತದೆ. ಯೋಚಿಸಿ, ಅವರ ಬಲಗಾಲಿನ ಮೊಣಕಾಲ ಕೆಳಗಿನ ತುಂಡನ್ನು ಮುಚ್ಚದೆ ಹಾಗೇ ಬಿಟ್ಟೆ. ಪ್ರಿಂಟಿನಲ್ಲಿ ಅದು ನೆಲಕ್ಕೆ ಹೊಡೆದ ಗೂಟದ ಹಾಗೆ ಕಂಡಿತು. ಚಾಕುವಿನ ಮೊನೆಯಿಂದ ಕೆರೆದು ಹಗ್ಗವನ್ನು ಅದರ ತನಕ ಎಳೆದೆ. ಮನುಷ್ಯನ ಕಾಲನ್ನು ಗೂಟ ಮಾಡಿ ಅದಕ್ಕೆ ಎತ್ತು ಕಟ್ಟಿದೆ.

ಕೊನೆಯದನ್ನು ನಾನು ಯಾರಿಗೂ, ಯಾವತ್ತೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಫೋಟೋ ನೋಡಿದ ಅಧಿಕಾರಿ, ಇದು ತಿದ್ದಿದ್ದಲ್ಲವಷ್ಟೇ ಎಂದು ಸ್ಟುಡಿಯೋದಿಂದ ಬರಹದಲ್ಲಿ ಕೇಳಿದರು. ಈ ಫೋಟೋ ನಮ್ಮಲ್ಲೇ ತೆಗೆದದ್ದು, ಇದರಲ್ಲಿ ಯಾವ ತಿದ್ದುಪಡಿಯೂ ಇಲ್ಲ ಎಂದು ಬರೆದು ನಾನೇ ಸಹಿ ಹಾಕಿದೆ. ಅರ್ಜಿ ವಜಾ ಆಯಿತು. ಸ್ವಲ್ಪ ದಿನಕ್ಕೆ ಅವರು ಹೆಂಡತಿ ಮಗುವಿನ ಜೊತೆ ಊರು ಬಿಟ್ಟರು ಎಂದು ಸುದ್ದಿ ಬಂತು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಹೇಳಿ ಮುಗಿಸಿದೆ. ವೀಣಾ ನನ್ನ ಮುಖ ನೋಡದೆ, "ಈ ಕತೆಗೆ ನಾವೆಲ್ಲಾ ಚಪ್ಪಾಳೆ ತಟ್ಟಿದೀವಲ್ಲಪ್ಪ" ಎಂದಳು. ಅವಳ ಕಣ್ಣು ತುಂಬಿತ್ತು. ಸೋಲಾಂಜ್ ನನಗೆ ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಎದ್ದು ಹೋಗಿ ಒಂದು ಖಾಲಿ ಗಾಜು ತಂದು ನನ್ನ ಮುಂದೆ ಇಟ್ಟಳು. ಮೂರು ದಿನ ಆ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದ್ದೀರಿ, ನಿಮ್ಮಷ್ಟು ಹತ್ತಿರದಿಂದ ಯಾರೂ ನೋಡಿರಲಾರರು, ಬರೆಯಿರಿ ಎಂದಳು.

ಬರೆದೆ. ಮುಖ ಮರೆತಿರಲಿಲ್ಲ. ನಮ್ಮಪ್ಪನ ಮುಖ ಈಗ ನನಗೆ ಮಸುಕು. ಆದರೆ ನಾನು ಅಳಿಸಿದವರ ಮುಖದ ಒಂದೊಂದು ಗೆರೆಯೂ ನೆನಪಿತ್ತು. ಮುಚ್ಚಿದ ಕ್ರಮದಲ್ಲೇ ತೆರೆಯುತ್ತಾ ಬಂದೆ. ಮೂರು ದಿನ ಹಿಡಿಯಿತು. ವೀಣಾ ಆ ಮೂರು ದಿನ ನನ್ನೊಡನೆ ಬೇಕಾದಷ್ಟು ಮಾತ್ರ ಮಾತಾಡಿದಳು: ಊಟ ಆಯ್ತಾ, ಮಾತ್ರೆ ತಗೊಂಡ್ಯಾ. ಆದರೆ ಅವಳೇ ಮಾಗಡಿಯಲ್ಲಿ ಮೇಷ್ಟರಾಗಿರುವ ನನ್ನ ಅಣ್ಣನ ಮಗನಿಗೆ ಫೋನ್ ಮಾಡಿ, ಆ ಹಳ್ಳಿಯಲ್ಲಿ ವಿಚಾರಿಸಲು ಹೇಳಿದ್ದಳು. ವಾರದೊಳಗೆ ಉತ್ತರ ಬಂತು. ಅವರು ತೀರಿಕೊಂಡು ಬಹಳ ವರ್ಷವಾಗಿದೆ. ಮಗಳೊಬ್ಬಳು ಇದ್ದಾಳೆ, ಜಯಮ್ಮ ಅಂತ. ತಾವರೆಕೆರೆಯಲ್ಲಿದ್ದಾಳೆ, ಅಂಗನವಾಡಿ ಟೀಚರ್. ಫೋನ್ ನಂಬರ್ ಕೂಡ ಬಂತು.

ಆ ನಂಬರನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಏನು ಹೇಳಲಿ? ಕ್ಷಮಿಸು ಅನ್ನಲು ನನಗೆ ಯಾವ ಮುಖ? ಸಿಟ್ಟಿಗೆದ್ದು ಬೈದರೆ ಬೈಸಿಕೊಳ್ಳಬಹುದು. ಫೋನ್ ಇಟ್ಟುಬಿಟ್ಟರೆ ಆಮೇಲೆ ದಾರಿಯೇ ಇಲ್ಲ. ಮೂರನೆಯ ದಿನ ಬೆಳಿಗ್ಗೆ ವೀಣಾ ಆಫೀಸಿಗೆ ರಜೆ ಹಾಕಿ, "ನಾನು ಪಕ್ಕದಲ್ಲಿ ಕೂತಿರ್ತೀನಿ. ಮಾತಾಡೋದು ಮಾತ್ರ ನೀನೇ" ಎಂದು ವೀಡಿಯೋ ಕಾಲ್ ಹಚ್ಚಿಕೊಟ್ಟಳು.

ಜಯಮ್ಮ ಬಂದರು. ನರೆತ ಕೂದಲು, ಹಣೆ ತುಂಬ ಕುಂಕುಮ, ಹಿಂದೆ ನೀಲಿ ಬಣ್ಣದ ಗೋಡೆ. ನಾನು ಹೆಸರು ಹೇಳಿ, "ನಿಮ್ಮ ತಂದೆ ನರಸನ ವಿಚಾರ" ಎಂದೆ.

"ನರಸಿಂಹಯ್ಯ" ಎಂದರು ಅವರು.

"ತಪ್ಪಾಯಿತು. ನರಸಿಂಹಯ್ಯನವರು." ಆ ಹೆಸರನ್ನು ಪೂರ್ತಿಯಾಗಿ ನಾನು ಹೇಳಿದ್ದು ಅದೇ ಮೊದಲು. ಅಲ್ಲಿಂದ ಮುಂದೆ ನಿಲ್ಲಿಸದೆ ಹೇಳಿದೆ. ಮೂರು ದಿನ ಕೂತದ್ದು, ಕಾಲನ್ನು ಗೂಟ ಮಾಡಿದ್ದು, ಸಹಿ ಹಾಕಿದ್ದು, ಅದನ್ನೇ ಕತೆ ಮಾಡಿಕೊಂಡು ಮೆರೆದದ್ದು. ಅವರು ಮಧ್ಯೆ ಬಾಯಿ ಹಾಕಲಿಲ್ಲ.

"ಹಾಗಾದ್ರೆ ಅದು ನೀವೇನಾ" ಎಂದರು. "ನಮ್ಮಪ್ಪ ಆ ಫೋಟೋನ ಕಚೇರಿಲಿ ನೋಡಿದ್ರು. ಗುಮಾಸ್ತ ಕೈಯಲ್ಲಿ ಹಿಡಿದು ತೋರಿಸಿದ್ನಂತೆ, ಎಲ್ಲಯ್ಯ ನೀನು ಅಂತ. ಅಪ್ಪ ತಮ್ಮ ಕಾಲನ್ನ ತಾವೇ ಗುರ್ತು ಹಿಡಿದ್ರು. ಮನೆಗೆ ಬಂದು ನಮ್ಮವ್ವನಿಗೆ ಹೇಳಿದ್ರಂತೆ, ಪೂರಾ ಅಳಿಸವ್ರೆ ಕಣೇ, ಕಾಲೊಂದು ಬಿಟ್ಟವ್ರೆ. ಕಾಲಿದ್ದೋನು ಇಲ್ಯಾಕೆ ನಿಂತಿರಬೇಕು ಅಂತ."

ವೀಣಾ ನನ್ನ ತೋಳು ಹಿಡಿದುಕೊಂಡಳು.

ಮಿಕ್ಕದ್ದನ್ನು ಜಯಮ್ಮ ನಿಧಾನವಾಗಿ ಹೇಳಿದರು. ಈತ ನಮ್ಮ ಆಳಲ್ಲ, ಯಾರೋ ಗೊತ್ತಿಲ್ಲ ಎಂದು ಜಮೀನುದಾರರು ಸರ್ಕಾರದ ಮುಂದೆ ಬರೆದುಕೊಟ್ಟಿದ್ದರು. ಆಳೇ ಅಲ್ಲ ಅಂದಮೇಲೆ ಓಡಿಹೋದ ಎಂದು ಹುಡುಕಿಸುವುದು ಹೇಗೆ, ಹಿಡಿದು ತರಿಸುವುದು ಹೇಗೆ? ನರಸಿಂಹಯ್ಯನವರು ಅದನ್ನು ಲೆಕ್ಕ ಹಾಕಿದರು. ಕದ್ದು ಹೋಗಲಿಲ್ಲ. ಒಂದು ಬೆಳಿಗ್ಗೆ, ಊರೆಲ್ಲ ಎದ್ದು ಓಡಾಡುವ ಹೊತ್ತಿನಲ್ಲಿ, ಹೆಂಡತಿಯ ತಲೆ ಮೇಲೆ ಪಾತ್ರೆ, ತಮ್ಮ ಹೆಗಲ ಮೇಲೆ ಮೂರು ವರ್ಷದ ಮಗಳು, ಆ ದೊಡ್ಡ ಮನೆಯ ಮುಂದಿನ ರಸ್ತೆಯಲ್ಲೇ ನಡೆದುಹೋದರು. ಜಗುಲಿಯ ಮೇಲೆ ಕೂತಿದ್ದ ಯಜಮಾನರು ನೋಡುತ್ತಾ ಕೂತರು.

ನನ್ನ ಎದೆಯ ಮೇಲಿಂದ ಏನೋ ಜರುಗಿದಂತಾಯಿತು. ಅದು ನನ್ನ ಮುಖದಲ್ಲಿ ಕಂಡಿರಬೇಕು. ಜಯಮ್ಮ ತಕ್ಷಣ ಹೇಳಿದರು: "ನೋಡಿ ಪುಟ್ಟಸ್ವಾಮಿಯವರೇ, ಅದು ನಿಮ್ಮ ಪುಣ್ಯದಿಂದ ಆಗಿದ್ದಲ್ಲ. ನಮ್ಮಪ್ಪನ ಬುದ್ಧಿಯಿಂದ ಆಗಿದ್ದು. ಬಿಡುಗಡೆ ಕಾಗದ ಸಿಕ್ಕಿದ್ರೆ ಸರ್ಕಾರದಿಂದ ಒಂದು ಮನೆನೋ ಭೂಮಿನೋ ಬರ್ತಿತ್ತು. ನಾವು ಎರಡು ವರ್ಷ ಸೇತುವೆ ಕೆಳಗೆ ಮಲಗಿದೀವಿ. ಅದೂ ನಿಮಗೆ ಗೊತ್ತಿರಲಿ."

"ಗೊತ್ತಿರುತ್ತೆ ಅಮ್ಮ" ಎಂದೆ. ಬೇರೆ ಏನು ಹೇಳಿದರೂ ಅದು ನನ್ನನ್ನು ನಾನು ಉಳಿಸಿಕೊಳ್ಳುವ ಮಾತಾಗುತ್ತಿತ್ತು.

ಅವರ ಬಳಿ ತಂದೆಯ ಒಂದು ಫೋಟೋ ಕೂಡ ಇರಲಿಲ್ಲ. ಕ್ಯಾಮೆರಾ ಕಂಡರೆ ನರಸಿಂಹಯ್ಯನವರು ಎದ್ದು ಹೋಗುತ್ತಿದ್ದರಂತೆ. ನಾನು ಬರೆದ ಗಾಜಿನಿಂದ ಮೂಡಿಸಿದ ಪ್ರಿಂಟನ್ನು ವೀಣಾ ಫೋನಿಗೆ ಹಿಡಿದಳು. ಜಯಮ್ಮ ಕನ್ನಡಕ ಹಾಕಿಕೊಂಡರು. ಬಹಳ ಹೊತ್ತು ನೋಡಿದರು. ಸೆರಗಿನಿಂದ ಮೂಗು ಒರೆಸಿಕೊಂಡು, "ಕಿವಿ ಇಷ್ಟು ದೊಡ್ಡದಿರಲಿಲ್ಲ" ಎಂದರು. "ಮತ್ತೆ ತಲೆ ಯಾಕೆ ಹೀಗೆ ತಗ್ಗಿಸಿದೀರಿ?"

ಫೋಟೋದಲ್ಲಿ ಹಾಗೇ ನಿಂತಿದ್ದರು ಎಂದೆ.

"ಅದು ಅವರ ಮನೆ ಮುಂದೆ. ನಮ್ಮನೇಲಿ ಯಾವತ್ತೂ ಹಾಗೆ ನಿಂತೋರಲ್ಲ. ತಲೆ ಎತ್ತಿಸಿ. ಆ ಹಗ್ಗಾನೂ ಬೇಡ."

ತಿದ್ದಿದೆ. ಮೊದಲ ಗಾಜನ್ನು ಬದಿಗಿಟ್ಟು ಹೊಸದರಲ್ಲಿ ಬರೆದೆ. ನಾನು ನೋಡಿರದ ಮುಖಭಾವ ಅದು, ಜಯಮ್ಮ ಹೇಳಿದಂತೆ ಬರೆಯಬೇಕಾಯಿತು. ದಿನಾ ಬೆಳಿಗ್ಗೆ ಫೋನ್ ಮಾಡಿ ತೋರಿಸುವುದು, ಅವರು ಅಲ್ಲಿಂದ, ಗಲ್ಲ ಇನ್ನೊಂದು ಚೂರು ಅಗಲ, ಮೀಸೆ ಇಷ್ಟು ದಪ್ಪ ಬೇಡ, ಅದೇನ್ರೀ ಪೊಲೀಸಪ್ಪನ ಹಾಗೆ ಮಾಡಿದೀರಿ ಎನ್ನುವುದು. ಒಂದು ದಿನ ಪ್ರಿಂಟ್ ತೋರಿಸಿದಾಗ ಫೋನನ್ನು ಮಂಚದ ಮೇಲೆ ಹಾಗೇ ಬಿಟ್ಟು ಎದ್ದು ಹೋದರು. ನಮಗೆ ನೀಲಿ ಗೋಡೆ, ತಿರುಗುವ ಫ್ಯಾನ್ ಮಾತ್ರ ಕಾಣುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಬಂದು, "ಇನ್ನು ಮುಟ್ಟಬೇಡಿ" ಎಂದರು.

ಸೋಲಾಂಜಳಿಗೆ ಅದನ್ನು ಪ್ರದರ್ಶನದಲ್ಲಿ ಇಡಬೇಕೆಂದು ಆಸೆಯಿತ್ತು. ಜಯಮ್ಮ ಒಪ್ಪಲಿಲ್ಲ. ನಮ್ಮಪ್ಪ ಮೊದಲು ಮನೆಗೆ ಬರಲಿ, ಯಾರ್‍ಯಾರ ಗೋಡೆಗೋ ಬೇಡ ಎಂದರು. ಸೋಲಾಂಜ್ ಎರಡನೇ ಮಾತಾಡಲಿಲ್ಲ. ತಾನೇ ಪ್ರಿಂಟನ್ನು ರಟ್ಟಿನ ನಡುವೆ ಇಟ್ಟು ಕಟ್ಟಿಕೊಟ್ಟಳು. ಊರಿಗೆ ಹೋದ ಮೇಲೆ ನಾನೇ ತಾವರೆಕೆರೆಗೆ ತಲುಪಿಸುವುದೆಂದು ಆಯಿತು. ವೀಣಾ ಅದನ್ನು ನನ್ನ ಸೂಟ್‌ಕೇಸಿನಲ್ಲಿ ಪಂಚೆಗಳ ನಡುವೆ ಜೋಡಿಸುವಾಗ, "ಅಪ್ಪ, ಇನ್ಮೇಲೆ ಯಾವುದಾದ್ರೂ ಮದುವೇಲಿ ಈ ಕತೆ ಹೇಳಿದ್ರೆ ಪೂರ್ತಿ ಹೇಳ್ಬೇಕು" ಎಂದಳು. ಹೇಳುತ್ತೇನೆ ಎಂದೆ. ಆಗ ಅವಳು ಮೊದಲಿನ ಹಾಗೆ ನನ್ನ ಮುಖ ನೋಡಿದಳು.

ನಾನು ಹೊರಡುವ ನಾಲ್ಕು ದಿನ ಮುಂಚೆ ಪ್ರದರ್ಶನ ಶುರುವಾಯಿತು. ನಾಲ್ಕಕ್ಕೆಲ್ಲ ಕತ್ತಲಾಗುವ ಕಾಲ, ಹಾಗಾಗಿ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟಿದ್ದರು. ಸಣ್ಣಗೆ ಮಳೆ, ಕೋಟುಗಳಿಂದ ನೀರು ತೊಟ್ಟಿಕ್ಕುವ ಜನ. ದೊಡ್ಡ ಹಾಲಿನ ನಾಲ್ಕು ಗೋಡೆಗಳ ಮೇಲೆ ಓಡಿಹೋದವರ ಮುಖಗಳು. ಬಾಗಿಲಿನಲ್ಲಿ ಸಹಾಯ ಮಾಡಿದವರ ಪಟ್ಟಿಯಲ್ಲಿ ನನ್ನ ಹೆಸರಿತ್ತು. ವೀಣಾಳ ಆಫೀಸಿನವರು ಏಳೆಂಟು ಜನ ಬಂದಿದ್ದರು. ಚಿಕ್ಕ ದ್ವೀಪ ಎಂದಿದ್ದ ಆಸಾಮಿ ಒಂದು ಮುಖದ ಮುಂದೆ ಕೈ ಕಟ್ಟಿಕೊಂಡು ಬಹಳ ಹೊತ್ತು ನಿಂತಿದ್ದರು.

ಆಗ ನನ್ನ ಫೋನ್ ರಿಂಗಾಯಿತು. ಜಯಮ್ಮ. ಅಲ್ಲಿ ಏನೇನಿದೆ ತೋರಿಸಿ, ನಾನೂ ನೋಡಬೇಕು ಎಂದರು. ನಾನು ಫೋನನ್ನು ಗೋಡೆಯ ಕಡೆ ಹಿಡಿದು ನಿಧಾನವಾಗಿ ನಡೆಯತೊಡಗಿದೆ. ಸೋಲಾಂಜ್ ಪಕ್ಕದಲ್ಲಿ ಬಂದಳು. ಜಯಮ್ಮ ಪ್ರತಿ ಮುಖದ ಮುಂದೆಯೂ, "ಇವರ್‍ಯಾರು?" ಎಂದು ಕೇಳುತ್ತಿದ್ದರು. ಸೋಲಾಂಜ್ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಇವನು ಬಡಗಿ, ಎಡಗಾಲು ಎಳೆದು ನಡೆಯುತ್ತಿದ್ದ. ಇವಳು ಮೂರು ಭಾಷೆ ಬಲ್ಲವಳು, ಕೈಗೂಸಿನ ಜೊತೆ ಹೋದವಳು. ಇವರಿಬ್ಬರು ಅಣ್ಣತಮ್ಮ, ಒಂದು ದೋಣಿ ಹತ್ತಿ ಹೋದವರು.

ಕೈಗೂಸಿನ ತಾಯಿಯ ಮುಂದೆ ಜಯಮ್ಮ ನನ್ನನ್ನು ನಿಲ್ಲಿಸಿದರು.

"ಸಿಕ್ಕಿಬಿದ್ಲಾ?"

ನಾನು ಸೋಲಾಂಜಳನ್ನು ಕೇಳಿದೆ. ಅವಳು ತಲೆಯಾಡಿಸಿ, ಗೊತ್ತಿಲ್ಲ, ಆ ಪ್ರಕಟಣೆ ಆದಮೇಲೆ ಅವಳ ವಿಷಯ ಯಾವ ದಾಖಲೆಯಲ್ಲೂ ಇಲ್ಲ, ಇಲ್ಲಿರುವ ಯಾರದೂ ಇಲ್ಲ, ಹನ್ನೊಂದು ವರ್ಷದಿಂದ ಹುಡುಕುತ್ತಿದ್ದೇನೆ ಎಂದಳು. ಅವಳ ದನಿಯಲ್ಲಿ ದಣಿವಿತ್ತು. ಅದನ್ನು ಹಾಗೇ ಜಯಮ್ಮನಿಗೆ ಹೇಳಿದೆ.

"ದಾಖಲೆ ಇಲ್ಲ ಅಂದ್ರೆ ಸಿಕ್ಕಿಲ್ಲ ಬಿಡಿ" ಎಂದರು ಜಯಮ್ಮ. "ಸಿಕ್ಕಿದ್ರೆ ಬರೀದೆ ಬಿಡ್ತಿದ್ರಾ? ಅವರಿಗೆ ಹೇಳಿ."

ನನ್ನ ಹೈಸ್ಕೂಲು ಇಂಗ್ಲಿಷಿನಲ್ಲಿ, ಎಷ್ಟು ಸರಿಯಾಗಿ ಆಗುತ್ತೋ ಅಷ್ಟು ಸರಿಯಾಗಿ, ಹೇಳಿದೆ. ಸೋಲಾಂಜ್ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟಳು. ಸುತ್ತ ಗೋಡೆಗಳನ್ನು ಒಂದು ಸಲ ನೋಡಿದಳು. ಆಮೇಲೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಕಣ್ಣು ಒರೆಸಿಕೊಳ್ಳುತ್ತಲೇ ನಗತೊಡಗಿದಳು. ನನಗೂ ನಗು ಬಂತು. ಹೊಟ್ಟೆಯಿಂದ ಬಂದ ನಗು.

"ಮುಂದಿನವರನ್ನ ತೋರಿಸಿ" ಎಂದರು ಜಯಮ್ಮ.

ನಾನು ಫೋನನ್ನು ಪಕ್ಕದ ಮುಖದ ಕಡೆ ತಿರುಗಿಸಿದೆ.